ಹಳದಿಯಲ್ಲೇ ಎಚ್ಚರ: ಲೋಕಲ್ ರೈಲಿನ ಹೊಸ ಮೋಟರ್‌ಮನ್‌ಗಳಿಗೆ

ಕೆಂಪು ಸಿಗ್ನಲ್ ದಾಟುವ ತಪ್ಪು ಹೆಚ್ಚಾಗಿ ಅದರ ಹಿಂದಿನ ಹಳದಿಯಲ್ಲೇ, ಅಂದರೆ ಮುಂದಿನ ಸಿಗ್ನಲಿನಲ್ಲಿ ನಿಲ್ಲಲು ಸಿದ್ಧರಾಗಿ ಎನ್ನುವ ದೀಪದಲ್ಲೇ, ಮೊಳೆಯುತ್ತದೆ. ಗಾಡಿಯ ಬೆನ್ನಿಗೇ ಗಾಡಿ ಓಡುವ ಮುಂಬೈ ಉಪನಗರ ಮಾರ್ಗದಲ್ಲಿ ಹಳದಿ ದಿನನಿತ್ಯದ ನೋಟವಾದ್ದರಿಂದ, ನಾವು ಸಮೀಪಿಸುವಷ್ಟರಲ್ಲಿ ಮುಂದಿನ ಕೆಂಪು ಹೇಗೂ ಬದಲಾಗುತ್ತದೆ ಎಂಬ ನಂಬಿಕೆ ಮೈಗೂಡಿಬಿಡುತ್ತದೆ. ಹಳದಿ ಕಂಡೊಡನೆ ಅದನ್ನು ಬಾಯಿಬಿಟ್ಟು ಹೇಳಿ, ಮುಂದಿನದು ಕೆಂಪಾಗಿಯೇ ಉಳಿಯುತ್ತದೆಂದು ಎಣಿಸಿ ವೇಗ ಇಳಿಸಿ. ಮಳೆಯಲ್ಲಿ ಹಳಿ ಜಾರುವುದರಿಂದ ಬ್ರೇಕನ್ನು ಇನ್ನೂ ಮೊದಲೇ ಹಾಕಬೇಕು.

ಹಳದಿಗೂ ಕೆಂಪಿಗೂ ನಡುವೆ ನಿಲ್ದಾಣವಿದ್ದರೆ ಅಪಾಯ ಹೆಚ್ಚು. ಗಾಡಿ ನಿಲ್ಲುತ್ತದೆ, ಜನ ಹತ್ತಿಳಿಯುತ್ತಾರೆ, ಹಿಂದಿನ ಕ್ಯಾಬಿನಲ್ಲಿರುವ ಗಾರ್ಡ್ ಹೊರಡಲು ಎರಡು ಬಾರಿ ಗಂಟೆ ಬಾರಿಸುತ್ತಾರೆ. ಅಷ್ಟರಲ್ಲಿ ಹಿಂದೆ ಕಂಡ ಹಳದಿ ಮನಸ್ಸಿನಿಂದ ಅಳಿಸಿಹೋಗಿರುತ್ತದೆ. 2008ರ ಸೆಪ್ಟೆಂಬರ್ 12ರಂದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ಆದದ್ದು ಇಂಥದ್ದೇ. ಹಳದಿ ದಾಟಿ ನಿಲ್ದಾಣದಲ್ಲಿ ನಿಂತಿದ್ದ ಮೆಟ್ರೋಲಿಂಕ್ ಪ್ರಯಾಣಿಕ ರೈಲು, ಅಲ್ಲಿಂದ ಹೊರಟು ಕೆಂಪನ್ನು ಮೀರಿ, ಎದುರಿನಿಂದ ಬರುತ್ತಿದ್ದ ಸರಕು ರೈಲಿಗೆ ಡಿಕ್ಕಿ ಹೊಡೆಯಿತು. 25 ಮಂದಿ ಸತ್ತರು. ಚಾಲಕ ಡಿಕ್ಕಿಗೆ 22 ಸೆಕೆಂಡ್ ಮೊದಲು ಮೊಬೈಲಿನಿಂದ ಸಂದೇಶ ಕಳುಹಿಸಿದ್ದ. ಮೊಬೈಲನ್ನು ಆರಿಸಿ ಚೀಲದಲ್ಲಿಡಿ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಮೊಬೈಲಿಲ್ಲದವರೂ ಗಂಟೆ ಕೇಳಿದ ರಭಸಕ್ಕೆ ಗಾಡಿ ಬಿಡುವುದುಂಟು. ಗಂಟೆಯ ಅರ್ಥ ಗಾರ್ಡ್ ಕಡೆಯ ಕೆಲಸ ಮುಗಿಯಿತೆಂದಷ್ಟೇ, ದಾರಿ ಖಾಲಿ ಇದೆಯೆಂದಲ್ಲ. ಆದ್ದರಿಂದ ಗಂಟೆಗೆ ಓಗೊಡುವ ಮೊದಲು ಸಿಗ್ನಲನ್ನು ಬೆರಳಿಟ್ಟು ತೋರಿಸಿ, ಅದರ ಬಣ್ಣವನ್ನು ಹೇಳಿ. ಕ್ಯಾಬಿನಲ್ಲಿ ಒಬ್ಬರೇ ಕೂತು ಹೀಗೆ ಮಾಡುವುದು ಮೊದಮೊದಲು ನಾಚಿಕೆ ತರಿಸುತ್ತದೆ. ಜಪಾನಿನ ಚಾಲಕರು ಅದನ್ನು ನಿತ್ಯವೂ ಮಾಡುತ್ತಾರೆ.

ಗಾಡಿಗಳ ಓಡಾಟಕ್ಕೆ ತಕ್ಕಂತೆ ತಾನಾಗಿ ಬಣ್ಣ ಬದಲಿಸುವ ಸ್ವಯಂಚಾಲಿತ ಸಿಗ್ನಲಿನ ಮಾತು ಬೇರೆ. ‘ಎ’ ಫಲಕವಿರುವ ಅಂಥ ಸಿಗ್ನಲ್ ಕೆಂಪಾಗಿಯೇ ಇದ್ದರೆ ನಿಯಮದಂತೆ ಹಗಲಿನಲ್ಲಿ 1 ನಿಮಿಷ, ರಾತ್ರಿ 2 ನಿಮಿಷ ನಿಂತು, ಬಳಿಕ ಎದುರಿಗೆ ಏನೇ ಕಂಡರೂ ನಿಲ್ಲಿಸಬಲ್ಲ ನಿಧಾನದಲ್ಲಿ ಸಾಗಬೇಕು. ಉಳಿದ ಕೆಂಪುಗಳನ್ನು ಅಧಿಕೃತ ಅನುಮತಿಯಿಲ್ಲದೆ ದಾಟುವಂತಿಲ್ಲ.

ತಪ್ಪಿ ದಾಟಿದ್ದೇ ಆದರೆ ತಕ್ಷಣ ನಿಲ್ಲಿಸಿ, ಗಾರ್ಡ್‌ಗೂ ಕಂಟ್ರೋಲ್‌ಗೂ (ರೈಲು ಸಂಚಾರದ ನಿಯಂತ್ರಣ ಕೊಠಡಿಗೂ) ತಿಳಿಸಿ, ಅವರ ಆದೇಶ ಬರುವವರೆಗೆ ಕದಲಬೇಡಿ. ತಪ್ಪು ಮುಚ್ಚಿಕೊಳ್ಳಲು ಗಾಡಿಯನ್ನು ಹಿಂದಕ್ಕೆ ಎಳೆಯುವುದಂತೂ ಕೂಡದು. ಹಿಂದಿನ ಗಾಡಿ ಎಲ್ಲಿದೆಯೆಂಬುದು ನಿಮಗೆ ಕಾಣುವುದಿಲ್ಲ, ಅಡಿಯಲ್ಲಿ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಯಾವ ಕಡೆಗೆ ತಿರುಗಿದೆಯೆಂಬುದೂ ಗೊತ್ತಿರುವುದಿಲ್ಲ.

ಬೆಂಗಳೂರಿನ ನಮ್ಮ ಮೆಟ್ರೋದಂತಹ ವ್ಯವಸ್ಥೆಗಳಲ್ಲಿ ರೈಲಿನ ವೇಗವನ್ನು ಯಂತ್ರವೇ ಕಾಯುತ್ತದೆ. ಆ ಕಾವಲು ಕೆಟ್ಟು, ಕಂಟ್ರೋಲ್‌ನ ಮಾತಿನ ಮೇಲೆ ಕೈಯಿಂದ ನಡೆಸಬೇಕಾದಾಗ, ಯಾವ ಸ್ಥಳದವರೆಗೆ ಅನುಮತಿಯಿದೆ ಎಂಬುದನ್ನು ಪದಶಃ ಮರುನುಡಿದು, ಅವರು ಸರಿಯೆಂದ ಮೇಲೆಯೇ ಹೊರಡಬೇಕು.