ಜೋರಾಗಿ ಊದುವವನು ಮೆಲ್ಲಗೆ ಊದಲು ಕಲಿತದ್ದು

ನಮ್ಮಪ್ಪ ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿದ್ದರು. ನಾನು ಟ್ರಂಪೆಟ್ ಕಲಿತದ್ದು ಅವರಿಂದ, ಅದೂ ಬಯಲಿನಲ್ಲಿ. ಜಂಬೂಸವಾರಿಯ ಗದ್ದಲ ದಾಟಿ ಕೇಳಿಸಬೇಕು ಅನ್ನುವುದೇ ಅಲ್ಲಿನ ಪಾಠ. ಹಾಗಾಗಿ 1978ರಲ್ಲಿ ಮದ್ರಾಸಿನ ಸ್ಟುಡಿಯೊ ಬಾಗಿಲಲ್ಲಿ ನಿಂತಾಗ ನನಗೆ ಬರುತ್ತಿದ್ದದ್ದು ಒಂದೇ, ಜೋರಾಗಿ ಊದುವುದು.

ಆಗ ಕನ್ನಡ ಸಿನಿಮಾ ಹಾಡುಗಳು ಬಹುಪಾಲು ರೆಕಾರ್ಡ್ ಆಗುತ್ತಿದ್ದದ್ದು ಅಲ್ಲೇ. ಗಾಯಕರು, ಪಿಟೀಲಿನವರು, ತಬಲಾದವರು ಎಲ್ಲ ಒಟ್ಟಿಗೆ. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ರಿಹರ್ಸಲ್‌ಗೆ 'ಮಾನಿಟರ್' ಅನ್ನುತ್ತಿದ್ದರು. ಮೊದಲ ಮಾನಿಟರ್‌ನಲ್ಲೇ ಸೌಂಡ್ ಎಂಜಿನಿಯರ್ ಗಾಜಿನಾಚೆಯಿಂದ ಕೈ ಬೀಸಿ ನನ್ನನ್ನು ಹಿಂದಕ್ಕೆ ಕಳಿಸಿದರು. ಇನ್ನೂ ಹಿಂದಕ್ಕೆ. ಕೊನೆಗೆ ಗೋಡೆಗೆ ಮುಖ ಮಾಡಿ ಊದಿದೆ. ನಾಲ್ಕೇ ನಾಲ್ಕು ಬಾರ್, ಅಂದರೆ ಸ್ವರದ ಹಾಳೆಯಲ್ಲಿ ಗೆರೆ ಎಳೆದು ಬೇರ್ಪಡಿಸಿದ ತಾಳದ ನಾಲ್ಕು ತುಂಡು.

ಮೆಲ್ಲಗೆ ಊದುವುದು ಜೋರಾಗಿ ಊದುವುದಕ್ಕಿಂತ ಕಷ್ಟ. ಗಾಳಿ ಕಡಿಮೆಯಾದರೆ ತುಟಿ ಕಂಪಿಸುವುದಿಲ್ಲ, ಸ್ವರ ಒಡೆಯುತ್ತದೆ. ಆರು ತಿಂಗಳು ರಾತ್ರಿ ರೂಮಿನಲ್ಲಿ ಟ್ರಂಪೆಟ್ ಬಾಯಿಗೆ ದನಿ ತಗ್ಗಿಸುವ ಮ್ಯೂಟ್ ಸಿಕ್ಕಿಸಿ, ಮೇಲೊಂದು ಟವೆಲ್ ಮುಚ್ಚಿ, ಒಂದೊಂದೇ ಸ್ವರ ಎಳೆದೆ. ಪಕ್ಕದ ರೂಮಿನವರು ಏನಂದುಕೊಂಡರೋ!

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಶ್ರುತಿಯಲ್ಲಿ. ಟ್ರಂಪೆಟ್ ಬಿ-ಫ್ಲ್ಯಾಟ್ ವಾದ್ಯ: ಹಾಳೆಯಲ್ಲಿ 'ಸಿ' ಸ್ವರ ಇದ್ದರೆ ಕಿವಿಗೆ ಬೀಳುವುದು ಅದಕ್ಕಿಂತ ಒಂದು ಮನೆ (ಒಂದು ಪೂರ್ಣ ಸ್ವರದಷ್ಟು) ಕೆಳಗಿನ ಬಿ-ಫ್ಲ್ಯಾಟ್. ಹಾಗಾಗಿ ನಮ್ಮ ಭಾಗವನ್ನು ಒಂದು ಮನೆ ಏರಿಸಿ ಬರೆಯಬೇಕು. ಒಂದು ದಿನ ಗಾಯಕರ ಗಂಟಲು ಸರಿಯಿಲ್ಲವೆಂದು ಹಾಡನ್ನು ಅರ್ಧ ಮನೆ ಇಳಿಸಿದರು, ಎಫ್‌ನಿಂದ ಇ ಗೆ. ಕೊಳಲಿನವರು ಚೀಲದಿಂದ ಇನ್ನೊಂದು ಕೊಳಲು ತೆಗೆದರು, ಅವರ ಕೆಲಸ ಮುಗಿಯಿತು. ನನ್ನ ಹಾಳೆ ಮಾತ್ರ ಒಂದು ಶಾರ್ಪಿನಿಂದ ಆರು ಶಾರ್ಪಿಗೆ ಜಿಗಿಯಿತು (ಶಾರ್ಪ್ ಅಂದರೆ ಸ್ವರವನ್ನು ಅರ್ಧ ಮನೆ ಏರಿಸುವ ಗುರುತು, ಫ್ಲ್ಯಾಟ್ ಅಂದರೆ ಇಳಿಸುವ ಗುರುತು). ಬ್ಯಾಂಡಿನ ಸಂಗೀತವೆಲ್ಲ ಹೆಚ್ಚಾಗಿ ಫ್ಲ್ಯಾಟ್‌ಗಳದ್ದು. ಆರು ಶಾರ್ಪನ್ನು ನನ್ನ ಬೆರಳು ಕಂಡೇ ಇರಲಿಲ್ಲ. ಮೂರು ಟೇಕ್ ನನ್ನಿಂದ ಹಾಳಾದವು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಾರನೇ ಬೆಳಿಗ್ಗೆಯಿಂದ ಯಾವ ಪಲುಕೇ ಆದರೂ ಹನ್ನೆರಡು ಶ್ರುತಿಗಳಲ್ಲೂ ಊದಿದ ಮೇಲೆಯೇ ತಿಂಡಿ.

ಕೆಲಸ ಹೆಚ್ಚಿದಂತೆ ಒಂದೇ ದಿನಕ್ಕೆ ನಾನಾ ವೇಷ. ಬೆಳಿಗ್ಗೆ ಮದುವೆ ಬ್ಯಾಂಡ್‌ಸೆಟ್ಟಿನ ಒರಟು ದನಿ, ಮಧ್ಯಾಹ್ನ ಕ್ಲಬ್ ಹಾಡಿಗೆ ಮ್ಯೂಟ್ ಹಾಕಿದ ಜಾಜ್, ಸಂಜೆ ರೀ-ರೆಕಾರ್ಡಿಂಗ್‌ನಲ್ಲಿ, ಅಂದರೆ ಸಿನಿಮಾದ ಹಿನ್ನೆಲೆ ಸಂಗೀತಕ್ಕೆ, ಯುದ್ಧದ ಕಹಳೆ. ಗಮಕ, ಅಂದರೆ ಸ್ವರವನ್ನು ಜಾರಿಸಿ ತೂಗಿಸುವುದು, ಮಾತ್ರ ತುಂಬ ಸತಾಯಿಸಿತು. ಟ್ರಂಪೆಟ್‌ನ ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ) ಒತ್ತಿದರೆ ಸ್ವರ ನೆಟ್ಟಗೆ ಬಂದು ನಿಲ್ಲುತ್ತದೆ, ಜಾರುವುದಿಲ್ಲ. ವಾಲ್ವನ್ನು ಅರ್ಧ ಒತ್ತಿ, ತುಟಿಯಲ್ಲಿ ಬಗ್ಗಿಸಿ ಜಾರಿಸಬೇಕು. ಮೋಹನ ರಾಗ ಒಲಿಯಿತು. ತೋಡಿ ರಾಗದ ಗಾಂಧಾರ ಸ್ವರ ಇವತ್ತಿಗೂ ಒಲಿದಿಲ್ಲ, ಯಾರಾದರೂ ಕೇಳಿದರೆ ಕ್ಲಾರಿನೆಟ್‌ನವರನ್ನು ತೋರಿಸುತ್ತೇನೆ.

ಅರೇಂಜಿಂಗ್‌ಗೆ ಬಂದದ್ದು ಸ್ವರದ ಹಾಳೆಗಳನ್ನು ನಕಲು ಮಾಡುತ್ತಾ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ಹಾಡಿದ್ದನ್ನು ಮೂವತ್ತು ಜನ ನುಡಿಸುವ ಹಾಗೆ ಹಂಚಿ ಬರೆಯುವವನು ಅರೇಂಜರ್. ಬಾಂಬೆಯಲ್ಲಿ ಸಂಗೀತ ನಿರ್ದೇಶಕರಾದ ಶಂಕರ್–ಜೈಕಿಶನ್ ಜೋಡಿಗೆ ಸೆಬಾಸ್ಟಿಯನ್ ಡಿಸೋಜ ಮಾಡುತ್ತಿದ್ದದ್ದು ಇದೇ ಕೆಲಸ. ಇನ್ನೊಬ್ಬ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಬಳಿ ಇದ್ದ ಚಿಕ್ ಚಾಕೊಲೇಟ್ ಅಂತೂ ನಮ್ಮವನೇ, ಟ್ರಂಪೆಟ್‌ನವನು. ನಾನು ಒಬ್ಬ ಹಿರಿಯ ಅರೇಂಜರ್‌ರ ಸ್ಕೋರಿನಿಂದ (ಎಲ್ಲ ವಾದ್ಯಗಳ ಸ್ವರವೂ ಇರುವ ಹಾಳೆ) ಒಬ್ಬೊಬ್ಬರ ಭಾಗವನ್ನು ರಾತ್ರಿಯೆಲ್ಲ ಬಿಡಿಸಿ ಬರೆಯುತ್ತಿದ್ದೆ. ಅವರಿಗೆ ಜ್ವರ ಬಂದ ದಿನ ಒಂದು ಇಂಟರ್‌ಲ್ಯೂಡ್, ಅಂದರೆ ಹಾಡಿನ ನಡುವಿನ ವಾದ್ಯಸಂಗೀತ, ನನ್ನ ಪಾಲಿಗೆ ಬಂತು.

ಮೂರು ಟ್ರಂಪೆಟ್ ಬರೆದೆ. ಸ್ವಂತ ವಾದ್ಯದ ವ್ಯಾಮೋಹ. ಅದರ ಕೆಳಗೆ ಕೊಳಲು ಇತ್ತು, ಮಂದ್ರದಲ್ಲಿ. ನುಡಿಸಿದಾಗ ಕೊಳಲಿನವರ ಬೆರಳು ಆಡುವುದು ಕಾಣುತ್ತಿತ್ತು, ಸದ್ದಿಲ್ಲ. "ಅವರನ್ನ ಯಾಕಪ್ಪ ಕರೆಸಿದ್ದು?" ಅಂದರು ನಿರ್ದೇಶಕರು. ಎರಡು ಟ್ರಂಪೆಟ್ ಹೊಡೆದುಹಾಕಿದೆ, ಉಳಿದದ್ದಕ್ಕೆ ಮ್ಯೂಟ್ ಹಾಕಿಸಿದೆ, ಕೊಳಲನ್ನು ಒಂದು ಸ್ಥಾಯಿ ಮೇಲೆತ್ತಿದೆ. ಎರಡೂ ಕೇಳಿಸಿದವು.

1983ರಲ್ಲಿ ಯಮಹಾ ಡಿಎಕ್ಸ್7 ಕೀಬೋರ್ಡ್ ಬಂತು. ಕೆಲವೇ ವರ್ಷಗಳಲ್ಲಿ ಐದು ಜನರ ಬ್ರಾಸ್ ಸೆಕ್ಷನ್ (ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯಗಳ ಗುಂಪು) ಒಬ್ಬನ ಹತ್ತು ಬೆರಳಿಗೆ ಇಳಿಯಿತು. ಎಷ್ಟೋ ಗೆಳೆಯರು ಮದುವೆ ಬ್ಯಾಂಡಿಗೆ ಮರಳಿದರು. ನಾನು ಉಳಿದದ್ದು ಒಂದು ಉಪಾಯದಿಂದ: ಕೆಳಗಿನ ಸ್ವರಗಳನ್ನು ಕೀಬೋರ್ಡಿಗೆ ಬಿಟ್ಟು, ಎಲ್ಲಕ್ಕಿಂತ ಮೇಲಿನ ಎಳೆಯನ್ನು ನಿಜವಾದ ಟ್ರಂಪೆಟ್‌ನಲ್ಲಿ ಊದುತ್ತಿದ್ದೆ. ಮೇಲೆ ಒಂದು ಅಸಲಿ ಉಸಿರಿದ್ದರೆ ಕಿವಿ ಮಿಕ್ಕದ್ದನ್ನೂ ನಂಬಿಬಿಡುತ್ತದೆ. ಮೋಸವೇ, ಆದರೆ ಅದರಲ್ಲಿ ನನ್ನ ಮನೆ ನಡೆಯಿತು.

ಈಗ ಬೆಂಗಳೂರಲ್ಲಿದ್ದೇನೆ. ಹುಡುಗರು ಕಂಪ್ಯೂಟರಿನಲ್ಲಿ ಮಾಡಿದ ಬ್ರಾಸ್ ಭಾಗಗಳನ್ನು ತಿದ್ದಲು ಕಳಿಸುತ್ತಾರೆ. ಹದಿನಾರು ಬಾರ್ ಒಂದೇ ಸಮನೆ, ಎಲ್ಲೂ ಬಿಡುವಿಲ್ಲ. ಪೆನ್ಸಿಲ್ ಹಿಡಿದು, ಉಸಿರು ತೆಗೆದುಕೊಳ್ಳಬೇಕಾದ ಕಡೆಯೆಲ್ಲ ಕಾಮಾ ಹಾಕುತ್ತಾ ಹೋಗುತ್ತೇನೆ. ಕಳೆದ ವಾರ ಒಂದು ಹಾಳೆಗೆ ಹನ್ನೊಂದು ಬಿದ್ದವು. "ಇಷ್ಟೊಂದು ಬೇಕಾ ಸರ್?" ಅಂದ ಹುಡುಗ. ನೀನೇ ಒಂದ್ಸಲ ಬಾಯಲ್ಲಿ ಹಾಡಪ್ಪ ಅಂದೆ. ಐದನೇ ಬಾರಿನಲ್ಲಿ ನಿಂತು, ರಬ್ಬರಿಗಾಗಿ ಹುಡುಕುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.