ಕೊಯ್ದರೆ ಬಾಯಿ ಬಿಡುವ ನೆತ್ತಿ: ಸಿಲಿಕಾನ್ ಮಾಡೆಲ್ ಮಾಡಿದ ನನ್ನ ಅನುಭವ

ಮೆಡಿಕಲ್ ಕಾಲೇಜಿನ ಸ್ಕಿಲ್ ಲ್ಯಾಬ್‌ಗಳಲ್ಲಿ ಹೊಲಿಗೆ ಕಲಿಸಲು ಇಡುವ ಸಿಲಿಕಾನ್ ಪ್ಯಾಡ್ ಕೈಗೆ, ಹೊಟ್ಟೆಗೆ ಸರಿ. ನೆತ್ತಿಗೆ ಅದು ಯಾವ ಲೆಕ್ಕಕ್ಕೂ ಬಾರದು. ಅಡಿಕೆ ಕೊನೆಗಾರ ಜಾರಿಬಿದ್ದದ್ದೋ, ಘಾಟಿಯಲ್ಲಿ ಬೈಕ್ ಉರುಳಿದ್ದೋ, ಶಿವಮೊಗ್ಗದ ಎಮರ್ಜೆನ್ಸಿಯಲ್ಲಿ ಹೌಸ್ ಸರ್ಜನ್‌ಗಳ ಕೈಗೆ ಒಡೆದ ತಲೆ ಬೇಗನೆ ಬಂದೇ ಬರುತ್ತದೆ. ಪ್ಯಾಡ್ ಮೇಲೆ ಕೈ ಪಳಗಿಸಿಕೊಂಡು ಬಂದವರು ಅಲ್ಲಿ ರಕ್ತ ಚಿಮ್ಮುವುದನ್ನು ಕಂಡು ಆರ್ಟರಿ ಫೋರ್ಸೆಪ್ಸ್ ಹಿಡಿದು ತಡಕಾಡುತ್ತಾರೆ. ನೆತ್ತಿಯಲ್ಲಿ ಹಿಡಿಯಲು ರಕ್ತನಾಳ ಸಿಗುವುದಿಲ್ಲ, ಒತ್ತಬೇಕು. ಇದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕೈಗೇ ಗೊತ್ತಾಗಬೇಕು.

ಹಾಗಾಗಿ ಮಾಡೆಲ್‌ನಿಂದ ನನಗೆ ಬೇಕಿದ್ದದ್ದು ಮೂರು. ಗೇಲಿಯಾ, ಅಂದರೆ ನೆತ್ತಿಯ ಚರ್ಮದಡಿಯ ಹಿಗ್ಗದ ನಾರಿನ ಹಾಳೆ, ಅದನ್ನು ಅಡ್ಡಕ್ಕೆ ಕೊಯ್ದರೆ ಗಾಯ ಬಾಯಿ ಬಿಡಬೇಕು, ಉದ್ದಕ್ಕೆ ಕೊಯ್ದರೆ ಬಿಡಬಾರದು. ಕೊಯ್ದ ಎರಡೂ ಅಂಚಿನಿಂದ ರಕ್ತ ಬರಬೇಕು, ಬೆರಳಲ್ಲಿ ಒತ್ತಿದರೆ ನಿಲ್ಲಬೇಕು. ನೆತ್ತಿಯಲ್ಲಿ ತುಂಬಿದ ಬಣ್ಣ, ನಿಜವಾದ ಗಾಯದ ರಕ್ತದ ಹಾಗೆ, ಕಣ್ಣಿನ ರೆಪ್ಪೆಗೆ ಇಳಿಯಬೇಕು. 'ಸಿಲಿಕಾನಿನಲ್ಲಿ ಇದೆಲ್ಲ ಆಗೋದಲ್ಲ ಮಾರಾಯ್ರೆ, ದುಡ್ಡು ದಂಡ' ಅಂದವರೇ ಹೆಚ್ಚು. ಈಗ ಮೂರೂ ಆಗುತ್ತಿದೆ. ಆಡಿಕೊಂಡವರಲ್ಲೇ ಇಬ್ಬರು ತಮ್ಮ ಕಾಲೇಜಿಗೂ ಒಂದು ಬೇಕು ಅಂದಿದ್ದಾರೆ.

ಮೊದಲು ಹಾಳಾದದ್ದರ ಲೆಕ್ಕ. ಜಿಲೆಟಿನ್-ಗ್ಲಿಸರಿನ್ ಚರ್ಮ ಎಲ್ಲರೂ ಮಾಡಿ ನೋಡುವಂಥದ್ದೇ, ಅಗ್ಗ. ನಮ್ಮ ಮಳೆಗಾಲಕ್ಕೆ ಅದು ಹೇಳಿದ್ದಲ್ಲ. ಗ್ಲಿಸರಿನ್ ಗಾಳಿಯ ನೀರು ಎಳೆದುಕೊಂಡು ಮೇಲ್ಮೈ ಬೆವರುತ್ತದೆ, ನಾಲ್ಕೈದು ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಹೊಲಿಗೆ ಬಿಗಿದರೆ ದಾರ ಅಂಚನ್ನೇ ಹರಿದುಕೊಂಡು ಹೊರಗೆ ಬರುತ್ತದೆ. ಬುರುಡೆಯನ್ನು ಪಾಲಿಯುರೆಥೇನ್ ರೆಸಿನ್‌ನಲ್ಲಿ ಎರಕ ಹೊಯ್ದದ್ದೂ ದಂಡ. ಅದರ ಐಸೊಸಯನೇಟ್ ನೀರಿನ ಪಸೆ ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಡಬ್ಬಿ ತೆರೆದು ಹೊಯ್ದರೆ ಒಳಗೆಲ್ಲ ಗುಳ್ಳೆ. ಕೊನೆಗೆ ವಿದ್ಯಾರ್ಥಿಗಳು ಕೊಳ್ಳುವ ಪ್ಲಾಸ್ಟಿಕ್ ಬುರುಡೆಗೇ ಬಂದೆ, ಸುಮಾರು 2,000 ರೂಪಾಯಿ. ಬುರುಡೆ ಗಟ್ಟಿ ಇರಲೇಬೇಕು. ಥರ್ಮೋಕೋಲ್ ತಲೆಯ ಮೇಲೆ ಎಷ್ಟು ಒತ್ತಿದರೂ ರಕ್ತ ನಿಲ್ಲುವುದಿಲ್ಲ, ಹಿಂದೆ ಆನಿಕೆ ಇಲ್ಲ.

ಹೆಚ್ಚು ದುಡ್ಡು ತಿಂದದ್ದು ಸಿಲಿಕಾನ್. ಟಿನ್ ಕ್ಯೂರ್, ಅಂದರೆ ತವರದ ರಾಸಾಯನಿಕದಿಂದ ಗಟ್ಟಿಯಾಗುವ ಬಗೆ, ಅಗ್ಗ, ಆದರೆ ಕಾಲ ಕಳೆದಂತೆ ಕುಗ್ಗುತ್ತದೆ, ಹರಿಯುತ್ತದೆ. ಪ್ಲಾಟಿನಂ ಕ್ಯೂರ್ ಕೆಜಿಗೆ 2,200ರ ಆಸುಪಾಸು ಬೀಳುತ್ತದೆ, ಅದಕ್ಕೆ ಮಡಿ ಬೇರೆ. ಗಂಧಕ ತಾಗಿದರೆ ಹೆಪ್ಪುಗಟ್ಟುವುದೇ ಇಲ್ಲ. ಆಸ್ಪತ್ರೆಯಿಂದ ತಂದ ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಕಲಸಿದರೆ ಸಾಕು, ಮುಟ್ಟಿದ ಕಡೆಯೆಲ್ಲ ಅಂಟಂಟಾಗಿ ಉಳಿಯುತ್ತದೆ. ನೈಟ್ರೈಲ್ ಗ್ಲೌಸೇ ಬೇಕು. ಗೊಂಬೆ ಮಾಡುವ ಎಣ್ಣೆ ಜೇಡಿಯಾದ ಪ್ಲಾಸ್ಟಿಸಿನ್‌ನ ಹಲವು ಬಗೆಯ ಮಾಲಿ‌ನಲ್ಲಿ ಗಂಧಕ ಇರುತ್ತದೆ, ಹಾಗಾಗಿ ಮುಖದ ಮೂಲ ಅಚ್ಚನ್ನು ಕುಂಬಾರರ ಜೇಡಿಮಣ್ಣಿನಲ್ಲೇ ಮಾಡಿ. ಟಿನ್ ಸಿಲಿಕಾನಿನ ಹೊಸ ಅಚ್ಚಿಗೆ ಪ್ಲಾಟಿನಂ ಹೊಯ್ದರೂ ಇದೇ ಗತಿ. ಈ ಪಾಠ ಕಲಿಯುವಷ್ಟರಲ್ಲಿ ಹದಿನೈದು ಸಾವಿರದಷ್ಟು ಸಿಲಿಕಾನ್ ಕಸದ ಬುಟ್ಟಿ ಸೇರಿತು.

ಅಚ್ಚು ಪ್ಲಾಸ್ಟರ್ ಆಫ್ ಪ್ಯಾರಿಸ್‌ದು. ಮಳೆಗಾಲದಲ್ಲಿ ಒಣಗಿಸಲು ಬಚ್ಚಲೊಲೆಯ ಮೇಲಿನ ಅಟ್ಟ ಅನುಕೂಲ, ಆದರೆ ಒಲೆಗೆ ತೀರ ಹತ್ತಿರ ಬೇಡ. 45 ಡಿಗ್ರಿ ದಾಟಿ ದಿನಗಟ್ಟಲೆ ಇಟ್ಟರೆ ಪ್ಲಾಸ್ಟರ್ ಸೀಮೆಸುಣ್ಣವಾಗಿ ಉದುರುತ್ತದೆ. ಒಣಗಿದ ಮೇಲೆ ಬಡಗಿಗಳ ಫ್ರೆಂಚ್ ಪಾಲಿಶ್ ಎರಡು ಕೈ, ಅದರ ಮೇಲೆ ತೆಳ್ಳಗೆ ವ್ಯಾಸಲೀನ್.

ಇನ್ನು ಪದರಗಳು, ಒಳಗಿನಿಂದ ಹೊರಗೆ.

ಬುರುಡೆಗೆ ಅಂಟಿರುವ ಪೊರೆ ಪೆರಿಕ್ರೇನಿಯಂಗೆ ಒಂದು ಮಿಲಿಮೀಟರ್ ಸಿಲಿಕಾನ್ ಹಾಳೆ. ಅದನ್ನು ಬುರುಡೆಗೆ ಪೂರ್ತಿ ಅಂಟಿಸಬೇಡಿ, ಮೂಳೆಗಳು ಕೂಡುವ ಸೂಚರ್ ಗೆರೆಗಳ ಉದ್ದಕ್ಕೆ ಮಾತ್ರ ಅಂಟಿಸಿ. ಆಗ ಅದರ ಕೆಳಗೆ ಸಿರಿಂಜಿನಲ್ಲಿ ನೀರು ಬಿಟ್ಟರೆ ಒಂದೇ ಮೂಳೆಯ ಗಡಿಯೊಳಗೆ ಉಬ್ಬುತ್ತದೆ. ಹಸುಗೂಸಿನ ಸೆಫಲ್ಹೆಮಟೋಮ, ಅಂದರೆ ಈ ಪೊರೆಯ ಕೆಳಗೆ ರಕ್ತ ತುಂಬಿದ ಬಾವು, ಗೆರೆ ದಾಟುವುದಿಲ್ಲ ಯಾಕೆ ಅಂತ ಕೇಳಿದವರಿಗೆ ಬೇರೆ ಉತ್ತರ ಬೇಡ. ಅಂಟಿಗೆ ಅಕ್ವೇರಿಯಂ ಗಾಜಿಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕಾನ್ ಪೇಸ್ಟ್. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವ ಮಾಲು, ನಮ್ಮ ಮಳೆ ಉಪಕಾರಕ್ಕೆ ಬಂದದ್ದು ಇದೊಂದರಲ್ಲೇ.

ಅದರ ಮೇಲಿನ ಸಡಿಲ ಪದರಕ್ಕೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಜೆಲ್. ವ್ಯಾಸಲೀನ್ ಹಾಕಿದರೆ ಸಿಲಿಕಾನ್ ನಿಧಾನಕ್ಕೆ ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ದಾಸವಾಳದ ಸೊಪ್ಪಿನ ಲೋಳೆಯನ್ನೂ ಹಾಕಿ ನೋಡಿದೆ. ಮೊದಲ ದಿನ ಜಾರುವ ಹದ ಜೆಲ್‌ಗಿಂತ ಚೆನ್ನ, ಎರಡನೇ ದಿನ ಹಳಸಿದ ನಾತ. ಜೆಲ್ ಬೇಗ ಒಣಗುತ್ತದೆ ಅನ್ನುವುದು ನಿಜ. ಒಣಗದಂತೆ ಅದಕ್ಕೆ ನಾನು ಬೆರೆಸುವುದೊಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೂರನೆಯದು ಗೇಲಿಯಾ. ಎಲ್ಲರೂ ಇದನ್ನು ಗಟ್ಟಿ ಸಿಲಿಕಾನ್‌ನಲ್ಲಿ ಮಾಡಲು ಹೋಗುತ್ತಾರೆ. ಸಿಲಿಕಾನ್ ಎಷ್ಟು ಗಟ್ಟಿಯಾದರೂ ಹಿಗ್ಗುತ್ತದೆ, ಗೇಲಿಯಾ ಹಿಗ್ಗಬಾರದು. ಹಳೆ ಪಂಚೆಯ ಬಟ್ಟೆ ಬಿಟ್ಟರೆ ಬೇರೆ ಯಾವುದೂ ನನಗೆ ಸರಿಬರಲಿಲ್ಲ. ಒಗೆದು ಗಂಜಿ ಪೂರ್ತಿ ಬಿಡಿಸಿ, ಹಾಸು ನೂಲು ಹಣೆಯಿಂದ ಹಿಂದಲೆಗೆ ಬರುವಂತೆ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ಬಟ್ಟೆಯೂ ಹಿಗ್ಗುತ್ತದೆ. ಹಿಂದಲೆಯಲ್ಲಿ 25 ಮಿ.ಮೀ. ಅಗಲದ ಎಲಾಸ್ಟಿಕ್ ಪಟ್ಟಿ ಹೊಲಿದು ಸುಪೀರಿಯರ್ ನೂಕಲ್ ಲೈನ್ ಅನ್ನುವ ಹಿಂದಲೆ ಮೂಳೆಯ ಅಡ್ಡ ಏಣಿನ ಮೇಲೆ ಸ್ಕ್ರೂ ಹಾಕಿ, ಅದು ಹಿಂದಲೆಯ ಸ್ನಾಯು ಆಕ್ಸಿಪಿಟಾಲಿಸ್. ಮುಂದೆ ಹಣೆಯ ಸ್ನಾಯು ಫ್ರಾಂಟಾಲಿಸ್‌ಗೂ ಅದೇ ಪಟ್ಟಿ, ಆದರೆ ಅದನ್ನು ಮೂಳೆಗೆ ಕಟ್ಟಬೇಡಿ. ಆ ಸ್ನಾಯುವಿಗೆ ಮೂಳೆಯ ಹಿಡಿತವೇ ಇಲ್ಲ, ಹುಬ್ಬಿನ ಚರ್ಮಕ್ಕೆ ಕೊನೆಯಾಗುತ್ತದೆ. ಬಲಕ್ಕೆಂದು ಕಣ್ಣುಗೂಡಿನ ಅಂಚಿಗೆ ಅಂಟಿಸಿದರೆ ಜೆಲ್ ರೆಪ್ಪೆಗೆ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಹುಬ್ಬಿನ ಚರ್ಮಕ್ಕೆ ಹೊಲಿದು, ಆ ಚರ್ಮವನ್ನು ಮೂಗಿನ ಬುಡ ಮತ್ತು ಕಪೋಲದ ಹತ್ತಿರ ಮಾತ್ರ ಭದ್ರ ಮಾಡಿ.

ಎರಡೂ ಪಟ್ಟಿ ನಾಲ್ಕರಲ್ಲಿ ಒಂದು ಪಾಲಿನಷ್ಟು ಹಿಗ್ಗಿ ನಿಂತಿರಬೇಕು. ಈ ಬಿಗಿಯಲ್ಲಿ ಐದು ಸೆಂಟಿಮೀಟರ್ ಅಡ್ಡ ಕೊಯ್ತ ಹನ್ನೆರಡು ಮಿ.ಮೀ. ಹತ್ತಿರ ಬಾಯಿ ಬಿಡುತ್ತದೆ, ಉದ್ದ ಕೊಯ್ತ ಮೂರು ದಾಟುವುದಿಲ್ಲ. ಬಾಯಿಬಿಟ್ಟ ಗಾಯಕ್ಕೆ ಚರ್ಮ ಮಾತ್ರ ಹೊಲಿದರೆ ದಾರ ಅಂಚನ್ನು ಕೊಯ್ಯುತ್ತದೆ. ಮೊದಲು ಗೇಲಿಯಾ ಬೇರೆಯಾಗಿ ಕೂಡಿಸಿದರೆ ಚರ್ಮ ತಾನಾಗಿ ಹತ್ತಿರ ಬರುತ್ತದೆ.

ನಾಲ್ಕನೆಯದು ರಕ್ತನಾಳ ಓಡಾಡುವ ಗಟ್ಟಿ ನಾರಿನ ಪದರ. ಇಲ್ಲಿ ಹೆಚ್ಚು ದಿನ ಸಿಕ್ಕಿಹಾಕಿಕೊಂಡೆ. ಮಕ್ಕಳ ಫೀಡಿಂಗ್ ಟ್ಯೂಬ್ ಹುದುಗಿಸಿದರೆ ಪಿವಿಸಿಗೆ ಸಿಲಿಕಾನ್ ಕಚ್ಚುವುದಿಲ್ಲ, ಟ್ಯೂಬಿನ ಹೊರಗುಂಟ ಸೋರುತ್ತದೆ. ಕೊಯ್ದಾಗ ಟ್ಯೂಬಿನ ತುದಿ ಮುಂದಕ್ಕೆ ಚಾಚಿ ನಿಲ್ಲುತ್ತದೆ, ಫೋರ್ಸೆಪ್ಸ್‌ಗೆ ಸಲೀಸಾಗಿ ಸಿಗುತ್ತದೆ. ಅಂದರೆ ಕಲಿಸಬೇಕಾದ್ದರ ತದ್ವಿರುದ್ಧ. ನಿಜವಾದ ನೆತ್ತಿಯಲ್ಲಿ ನಾರುಗಳು ನಾಳದ ಗೋಡೆಯನ್ನು ಸುತ್ತಲಿಂದ ಹಿಡಿದಿರುತ್ತವೆ. ತುಂಡಾದ ನಾಳ ಮುದುಡಲಾರದು, ಒಳಕ್ಕೆ ಸರಿಯಲಾರದು, ಬಾಯಿ ತೆರೆದೇ ಸುರಿಯುತ್ತದೆ. ಹಾಗಾದರೆ ಟ್ಯೂಬೇ ಯಾಕೆ ಬೇಕು? ಬರಿಯ ಕಾಲುವೆ ಸಾಕಲ್ಲ!

ತೋಟದಲ್ಲಿ ಬಳಸುವ ವೀಡ್ ಕಟ್ಟರ್‌ನ ನೈಲಾನ್ ದಾರ, 2.4 ಮಿ.ಮೀ.ದು, ದುಂಡನೆಯದೇ ತನ್ನಿ. ಚೌಕದ್ದು ಎಳೆಯುವಾಗ ಹರಿಯುತ್ತದೆ. ಪಂಚೆಯ ಬಟ್ಟೆ ಕೆಳಗೆ, ದುಪಟ್ಟಾದ ನೆಟ್ ಬಟ್ಟೆ ಮೇಲೆ, ನಡುವೆ ನೈಲಾನ್ ದಾರ. ದಾರದ ಎರಡೂ ಮಗ್ಗುಲಿಗೆ ಕೌದಿ ಹೊಲಿದ ಹಾಗೆ ಸಣ್ಣ ಟಾಕು. ಎರಡು ಬಟ್ಟೆಯ ನಡುವೆ ಮೂರು ಮಿ.ಮೀ. ಸಂದು ಉಳಿಯುವಂತೆ ಹೊಲಿಗೆಯ ದಾರ ಸಡಿಲ ಬಿಟ್ಟು ಹೊಲಿಯಬೇಕು. ಮೇಲೆ ಸಿಲಿಕಾನ್ ಹೊಯ್ದು, ಮೇಲಿನ ಚರ್ಮವೂ ಸೇರಿ ಎಲ್ಲ ಪೂರ್ತಿ ಗಟ್ಟಿಯಾದ ಮೇಲೆ ನೈಲಾನ್ ದಾರ ಹಿಡಿದು ಎಳೆದರೆ ಕಾಲುವೆ ಸಿದ್ಧ. ಎಳೆಯುವ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರು ಬಿಡಿ. ತಿರುವು ಮೊನಚಾಗಿದ್ದರೆ ದಾರ ಬರುವುದಿಲ್ಲ, ಒಳಗೇ ಉಳಿಯುತ್ತದೆ.

ಪ್ರತಿ ಮಗ್ಗುಲಿಗೆ ಐದು ನಾಳ: ಮುಂದೆ ಸುಪ್ರಾಟ್ರಾಕ್ಲಿಯರ್ ಮತ್ತು ಸುಪ್ರಾಆರ್ಬಿಟಲ್, ಕಿವಿಯ ಮುಂದೆ ಸೂಪರ್‌ಫಿಶಿಯಲ್ ಟೆಂಪೊರಲ್, ಕಿವಿಯ ಹಿಂದೆ ಪೋಸ್ಟೀರಿಯರ್ ಆರಿಕ್ಯುಲರ್, ಹಿಂದಲೆಯಲ್ಲಿ ಆಕ್ಸಿಪಿಟಲ್. ನಡುನೆತ್ತಿಯಲ್ಲಿ ಎಡಬಲದ ದಾರಗಳು ಒಂದರ ಮೇಲೊಂದು ತಾಗುವಂತೆ ಹಾಯಿಸಿ. ತಾಗಿದಲ್ಲಿ ಕಾಲುವೆಗಳು ಕೂಡುತ್ತವೆ, ಕೊಯ್ದರೆ ಎರಡೂ ಅಂಚಿನಿಂದ ಬರುತ್ತದೆ. ಕಿವಿಯ ಮುಂದೆ ಒತ್ತಿ ಹಿಡಿದು 'ನಿಂತಿತು' ಅನ್ನುವವರಿಗೆ ಆಚೆ ಮಗ್ಗುಲಿನಿಂದ ಬರುವ ರಕ್ತ ಒಳ್ಳೆಯ ಪಾಠ. ನಾರಿಗೆ ಒಣ ಹೀರೆಕಾಯಿಯ ಸಿಕ್ಕನ್ನೂ ಹುದುಗಿಸಿದ್ದುಂಟು. ನೋಡಲು ತದ್ರೂಪ, ಆದರೆ ಒಳಗೆ ಗಾಳಿ ಉಳಿದು ಕಾಲುವೆಗಳು ಒಂದಕ್ಕೊಂದು ಸೋರಿ ಕೆಟ್ಟಿತು.

ಮೇಲಿನ ಚರ್ಮ ಎರಡು ಮಿ.ಮೀ. ಕೆಳಗಿನ ಹೊಯ್ತ ಇನ್ನೂ ಬೆರಳಿಗೆ ಅಂಟುತ್ತಿರುವಾಗಲೇ ಇದನ್ನು ಹೊಯ್ಯಬೇಕು. ಚರ್ಮ, ನಾರು, ಗೇಲಿಯಾ ಮೂರೂ ಒಂದಾಗಿ ಸರಿಯಬೇಕಲ್ಲ, ಒಣಗಿದ ಮೇಲೆ ಹೊಯ್ದರೆ ಬೇರೆಬೇರೆ ಏಳುತ್ತವೆ. ಮೆತ್ತಗಾಗಲೆಂದು ಸಿಲಿಕಾನ್ ಎಣ್ಣೆ ಜಾಸ್ತಿ ಬೆರೆಸಿದರೆ ತಿಂಗಳಲ್ಲಿ ಮೇಲಕ್ಕೆ ಜಿನುಗುತ್ತದೆ. ಇಡೀ ನೆತ್ತಿಗೆ 350 ಗ್ರಾಂ ಸಿಲಿಕಾನ್, ಬಟ್ಟೆ, ದಾರ, ಜೆಲ್ ಎಲ್ಲ ಸೇರಿ ಸಾವಿರದ ಹತ್ತಿರ. ಬುರುಡೆ ಒಂದೇ ಸಲದ ಖರ್ಚು.

ರಕ್ತಕ್ಕೆ ಎರಡು ಪಾಲು ನೀರು, ಒಂದು ಪಾಲು ಗ್ಲಿಸರಿನ್, ಕೆಂಪು ಫುಡ್ ಕಲರ್. ಅಡಿಕೆ ಬೇಯಿಸಿದ ಚೊಗರನ್ನೂ ಬಿಡಲಿಲ್ಲ. ಬಣ್ಣ ಎಷ್ಟು ಚೆನ್ನ ಅಂದರೆ ನೋಡಿದವರು ಹೆದರಬೇಕು, ಖರ್ಚೂ ಇಲ್ಲ. ಆದರೆ ಗಷ್ಟು ಕೂತು ಕಾಲುವೆ ಕಟ್ಟಿತು, ಪಂಚೆಯ ಬಟ್ಟೆಗೆ ಹಿಡಿದ ಕಲೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ಬಾಟಲಿಯನ್ನು ನೆತ್ತಿಯಿಂದ ಸುಮಾರು 125 ಸೆಂ.ಮೀ. ಎತ್ತರಕ್ಕೆ ತೂಗುಹಾಕಿದರೆ ಪಾದರಸದ ಲೆಕ್ಕದಲ್ಲಿ 100 ಮಿ.ಮೀ. ಒತ್ತಡ. ಮಿಡಿತ ಬೇಕಾದರೆ ಕಾರಿನ ವೈಪರ್‌ಗೆ ನೀರು ಚಿಮ್ಮಿಸುವ 12 ವೋಲ್ಟ್ ಮೋಟರ್ ಇದೆ, 250 ರೂಪಾಯಿ. ಗಾಯದ ಅಂಚಿನ ಗೇಲಿಯಾವನ್ನು ಫೋರ್ಸೆಪ್ಸ್‌ನಲ್ಲಿ ಹಿಡಿದು ಚರ್ಮದ ಮೇಲಕ್ಕೆ ಮಗುಚಿದರೆ ಕಾಲುವೆ ಮಡಿಸಿ ರಕ್ತ ನಿಲ್ಲುತ್ತದೆ. ಆಪರೇಷನ್ ಥಿಯೇಟರಿನ ಈ ಹಳೆಯ ಉಪಾಯ ಟ್ಯೂಬ್ ಹಾಕಿದ ಮಾಡೆಲ್‌ನಲ್ಲಿ ಆಗುತ್ತಲೇ ಇರಲಿಲ್ಲ.

ಕಪ್ಪುಗಣ್ಣಿಗೆ: ತಲೆಯನ್ನು ನೆಟ್ಟಗೆ ಕೂರಿಸಿ, ನಡುನೆತ್ತಿಯಲ್ಲಿ ಗೇಲಿಯಾ ಕೆಳಗೆ ನೀಲಿ ಬಣ್ಣದ ತೆಳು ಜೆಲ್ 20 ಎಂ.ಎಲ್. ಬಿಡಿ. ಹಿಂದೆ ನೂಕಲ್ ಲೈನ್, ಬದಿಗೆ ಕಪೋಲದ ಕಮಾನು, ಇವೆರಡೂ ಕಡೆ ಪೇಸ್ಟ್‌ನಿಂದ ಮುಚ್ಚಿರಬೇಕು. ತೆರೆದಿರುವುದು ಮುಂದೆ ಮಾತ್ರ. ಒಂದು ಕ್ಲಾಸು ಮುಗಿಯುವುದರೊಳಗೆ ಎರಡೂ ರೆಪ್ಪೆ ನೀಲಿಯಾಗಿ ಉಬ್ಬಿರುತ್ತವೆ, ಕಣ್ಣಿಗೆ ಏಟೇ ಬಿದ್ದಿರುವುದಿಲ್ಲ.

ಮುಖಕ್ಕೆ ಎಡ ಅರ್ಧ ಮಾತ್ರ ಮಾಡಿದ್ದೇನೆ. ಗೇಲಿಯಾದ ಬಟ್ಟೆಯನ್ನು ಕತ್ತರಿಸದೆ ಕೆಳಗಿಳಿಸಿದರೆ ಕಿವಿಯ ಮೇಲೆ ಅದೇ ಟೆಂಪೊರೊಪರೈಟಲ್ ಫೇಷಿಯಾ ಅನ್ನುವ ಪೊರೆ, ಕಮಾನು ದಾಟಿದರೆ ಕೆನ್ನೆಯ ಸ್ನಾಯುಪೊರೆಯಾದ ಎಸ್‌ಎಮ್‌ಎಎಸ್. ಮುಖದ ಸ್ನಾಯುಗಳನ್ನು ಆಡಿಸುವ ಫೇಷಿಯಲ್ ನರಕ್ಕೆ ಎನಾಮಲ್ ಹಚ್ಚಿದ ಸಣ್ಣ ತಾಮ್ರದ ತಂತಿ. ಕಿವಿಯ ಮುಂದಿನ ಜೊಲ್ಲುಗ್ರಂಥಿ ಪರೋಟಿಡ್‌ನ ಜಾಗದಲ್ಲಿ ಆಳಕ್ಕೆ, ಕಮಾನಿನ ಮೇಲೆ ಬಟ್ಟೆಗೆ ಅಂಟಿದಂತೆ. ಹಣೆಗೆ ಹೋಗುವ ಟೆಂಪೊರಲ್ ಕವಲಿಗೆ ಸರ್ಜನ್ ಪಿಟಂಗಿಯ ಹೆಸರಿನ ಗೆರೆ: ಕಿವಿತೂತಿನ ಮುಂದಿನ ಪುಟ್ಟ ಉಬ್ಬಾದ ಟ್ರೇಗಸ್‌ನಿಂದ ಅರ್ಧ ಸೆಂ.ಮೀ. ಕೆಳಗೆ ಶುರು, ಹುಬ್ಬಿನ ಹೊರತುದಿಯಿಂದ ಒಂದೂವರೆ ಸೆಂ.ಮೀ. ಮೇಲೆ ಕೊನೆ. ದವಡೆಯ ಮಾರ್ಜಿನಲ್ ಮ್ಯಾಂಡಿಬ್ಯುಲರ್ ಕವಲನ್ನು ಎಲ್ಲ ಮಾಡೆಲ್‌ನಲ್ಲೂ ಒಂದೇ ಕಡೆ ಹಾಕಬೇಡಿ. 1962ರಲ್ಲಿ ಸರ್ಜನ್‌ಗಳಾದ ಡಿಂಗ್‌ಮನ್ ಮತ್ತು ಗ್ರ್ಯಾಬ್ ನೂರು ಅರ್ಧಮುಖ ಬಿಡಿಸಿ ನೋಡಿದಾಗ, ಫೇಷಿಯಲ್ ಅಪಧಮನಿಯ ಹಿಂದೆ 81ರಲ್ಲಿ ಅದು ದವಡೆಯಂಚಿನ ಮೇಲೆ, 19ರಲ್ಲಿ ಕೆಳಗೆ ಇತ್ತು. ಹಾಗಾಗಿ ನಾನು ಐದಕ್ಕೊಂದು ಮುಖದಲ್ಲಿ ತಂತಿಯನ್ನು ಒಂದು ಸೆಂ.ಮೀ. ಕೆಳಗೆ ಇಳಿಸುತ್ತೇನೆ, ಯಾವುದರಲ್ಲಿ ಅಂತ ಹೇಳುವುದಿಲ್ಲ.

ತಂತಿ ತುಂಡಾದರೆ ಬಜರ್ ಕೂಗಬೇಕು. ಬಿಸಿ547 ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಈ ತಂತಿ, ಬೇಸ್‌ಗೆ 47 ಕೆ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ. ಎಲ್ಲ ಸೇರಿ ನೂರು ರೂಪಾಯಿಯೊಳಗೆ. ಒಂದು ತೊಡಕಿದೆ: ಕೊಯ್ದ ಬ್ಲೇಡು ಕಬ್ಬಿಣದ್ದೇ ಆದ್ದರಿಂದ ಎರಡೂ ತುದಿಗೆ ತಾಗಿ ಸೇತುವೆಯಾಗುತ್ತದೆ, ಬ್ಲೇಡು ಎತ್ತಿದ ಮೇಲೇ ಕೂಗು. ಇದಕ್ಕೂ ಪರಿಹಾರ ಸಿಕ್ಕಿದೆ, ತಂತಿಯನ್ನು ಕೂರಿಸುವ ರೀತಿಯಲ್ಲಿದೆ ಅಂತಷ್ಟೇ ಹೇಳಬಲ್ಲೆ.

ಕೊಯ್ದ ನೆತ್ತಿ ಎಸೆಯುವ ಹಾಗಿಲ್ಲ. ಹೊಲಿಗೆ ಬಿಚ್ಚಿ, ಕಾಲುವೆಗೆ ಮತ್ತೆ ನೈಲಾನ್ ದಾರ ತೂರಿಸಿ, ಗೇಲಿಯಾ ಅಂಚುಗಳನ್ನು ದಾರದಲ್ಲಿ ಕೂಡಿಸಿ, ಮೇಲೆ ಅದೇ ಪ್ಲಾಟಿನಂ ಸಿಲಿಕಾನ್ ತುಂಬಿ. ಅಲ್ಲಿ ಪೇಸ್ಟ್ ತುಂಬಿದರೆ ಗಟ್ಟಿ ಗೆರೆ ಉಳಿದು ಮುಂದಿನವರ ಸೂಜಿ ಬಾಗುತ್ತದೆ. ಒಂದು ನೆತ್ತಿ ಎಂಟು ಹತ್ತು ಕೊಯ್ತ ತಡೆಯುತ್ತದೆ. ಆಮೇಲೆ ಎಲಾಸ್ಟಿಕ್ ಸೋಲುತ್ತದೆ, ಗಾಯ ಬಾಯಿ ಬಿಡುವುದು ಕಡಿಮೆಯಾಗುತ್ತದೆ. ಆಗ ಪಟ್ಟಿ ಬದಲಿಸಿದರಾಯಿತು, ಮೀಟರಿಗೆ ಹದಿನೈದು ರೂಪಾಯಿ.