ಪಾಠಕ್ಕಿಂತ ಮೊದಲು ಪರೀಕ್ಷೆ ತಯಾರಿಸಿ: ಅಡಿಕೆ ವಖಾರಿಯ ತರಬೇತಿ

ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಹೊಸದಾಗಿ ಸೇರುವವರಿಗೆ ಕೆಲಸ ಕಲಿಸುವುದು ನನ್ನ ಪಾಲಿಗಿದೆ. ಅಡಿಕೆಯ ದರ್ಜೆ ನೋಡುವುದು, ತೂಕದ ಚೀಟಿ ಬರೆಯುವುದು, ಮಾರಾಟಕ್ಕೆ ಬಂದ ಒಂದೊಂದು ಲಾಟಿನ (ಒಟ್ಟಿಗೆ ಬಂದ ಮಾಲಿನ) ವಿವರ ಕಂಪ್ಯೂಟರಿಗೆ ಹಾಕುವುದು. ಯಲ್ಲಾಪುರ, ಸಿದ್ದಾಪುರದ ಶಾಖೆಯವರಿಗೆ ಅರ್ಧ ಪಾಠ ಫೋನಿನಲ್ಲೇ ಹೋಗುತ್ತದೆ.

ಇಂಥ ತರಬೇತಿ ಯೋಜಿಸಲು ಆ್ಯಡಿ (ADDIE) ಅನ್ನೋ ಮಾದರಿ ಸಾಕಷ್ಟು ಹಳೆಯದು. 1975ರಲ್ಲಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟ ಪದ್ಧತಿಯಿಂದ ಬಂದದ್ದು. ಅಗತ್ಯ ಏನೆಂದು ನೋಡು, ಯೋಜಿಸು, ಪಾಠ ತಯಾರಿಸು, ನಡೆಸು, ಫಲ ಪರೀಕ್ಷಿಸು: ಇಷ್ಟೇ ಅದರ ಐದು ಹೆಜ್ಜೆ. ತುಂಬಾ ಜನ ಸೀದಾ ಮೂರನೇ ಹೆಜ್ಜೆಗೆ ಹಾರಿ ಸ್ಲೈಡ್ ಮಾಡಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲ ಹೆಜ್ಜೆಗೇ ಜಾಸ್ತಿ ಸಮಯ ಕೊಡಿ. "ಚೀಟಿಯಲ್ಲಿ ತಪ್ಪು ಬರ್ತಿದೆ, ಹುಡುಗರಿಗೆ ಒಂದು ಕ್ಲಾಸ್ ತಗೊಳ್ಳಿ" ಎಂದು ಮ್ಯಾನೇಜರ್ ಹೇಳಿದರೆ, ಕ್ಲಾಸ್ ತಗೊಳ್ಳುವ ಮೊದಲು ತಪ್ಪಾದ ಚೀಟಿಗಳನ್ನು ತರಿಸಿ ನೋಡಿ. ನಮ್ಮಲ್ಲಿ ಒಮ್ಮೆ ಎಲ್ಲ ತಪ್ಪೂ ಕೆಂಪುಗೋಟು, ಬಿಳೇಗೋಟು ಎಂಬ ಎರಡು ದರ್ಜೆಗಳ ನಡುವೆಯೇ ಇದ್ದವು. ಹುಡುಗರಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರಿನ ಪಟ್ಟಿಯಲ್ಲಿ ಎರಡೂ ಒಂದರ ಕೆಳಗೆ ಒಂದು, ಸಣ್ಣ ಅಕ್ಷರದಲ್ಲಿದ್ದವು, ಅಷ್ಟೇ. ಪಟ್ಟಿ ಬದಲಿಸಿದ ಮೇಲೆ ತರಬೇತಿಯೇ ಬೇಕಾಗಲಿಲ್ಲ.

ನಿಜಕ್ಕೂ ಕಲಿಸಬೇಕಾದದ್ದು ಇದೆ ಅಂತಾದರೆ, ಪರೀಕ್ಷೆಯನ್ನು ಮೊದಲು ತಯಾರಿಸಿ. ಅಮೆರಿಕದ ತರಬೇತಿ ತಜ್ಞ ರಾಬರ್ಟ್ ಮೇಗರ್ 1962ರಲ್ಲೇ ಹೇಳಿದ ಉಪಾಯ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಕಲಿತವರು ಏನು ಮಾಡಬೇಕು, ಯಾವ ಸ್ಥಿತಿಯಲ್ಲಿ, ಎಷ್ಟು ಸರಿಯಾಗಿ? ಈ ಮೂರೂ ಒಂದೇ ವಾಕ್ಯದಲ್ಲಿ ಬರಬೇಕು. "ಅಡಿಕೆಯ ದರ್ಜೆ ತಿಳಿದುಕೊಳ್ಳುವುದು" ಎಂದು ಬರೆದರೆ ಅಳೆಯುವುದು ಹೇಗೆ? ನಾನು ಬರೆಯುವುದು ಹೀಗೆ: "ಹಗಲು ಬೆಳಕಿನಲ್ಲಿ, ಅಡಕತ್ತರಿ ಕೈಯಲ್ಲಿಟ್ಟುಕೊಂಡು, 10 ಮಾದರಿಗಳಲ್ಲಿ 9ರ ದರ್ಜೆಯನ್ನು ಸರಿಯಾಗಿ ಹೇಳಬೇಕು, ಯಾಕೆ ಎಂದೂ ಹೇಳಬೇಕು." ಇಷ್ಟು ಬರೆದಾಗ ಪಾಠದಲ್ಲಿ ಏನಿರಬೇಕು, ಏನು ಬೇಡ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಅಡಿಕೆಯ ಇತಿಹಾಸ ಬೇಡ. ಮಾದರಿ ಬೇಕು, ತುಂಬಾ ಬೇಕು.

ಆನ್‌ಲೈನಿಗೆ ಏನು ಹಾಕಬಹುದು, ಏನು ಹಾಕಬಾರದು ಎಂದು ಇದೇ ವಾಕ್ಯ ನೋಡಿ ತೀರ್ಮಾನಿಸಿ. ಚೀಟಿ ತುಂಬುವುದನ್ನು ವಿಡಿಯೋದಲ್ಲಿ ಆರಾಮಾಗಿ ಕಲಿಸಬಹುದು. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ದು ರಾಶಿ, ಹಣ್ಣಡಿಕೆ ಒಣಗಿಸಿ ಸುಲಿದದ್ದು ಚಾಲಿ ಎಂದೂ ತೋರಿಸಬಹುದು. ಆದರೆ ದರ್ಜೆ ನೋಡುವ ಕಣ್ಣು ಫೋನಿನಿಂದ ಬರುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ವಿಡಿಯೋದಲ್ಲಿ ಅಡಿಕೆಯ ಬಣ್ಣವೇ ಬೇರೆ ಕಾಣುತ್ತದೆ. ಅದಕ್ಕೆ ವಖಾರಿಗೇ ಬರಬೇಕು. ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಮೊರದಲ್ಲಿ ಹರಡಿ, ನಾಲ್ಕಾರನ್ನು ಕತ್ತರಿಸಿ ಒಳಗಿನ ತಿರುಳು ನೋಡಬೇಕು. ಮೇಲಿನ ಹಿಡಿ ಮಾತ್ರ ನೋಡಿದವರನ್ನು ಅಲ್ಲೇ ತಡೆದು ಮತ್ತೆ ಮಾಡಿಸಿ.

ವಿಡಿಯೋ ಮೂರು ನಿಮಿಷ ದಾಟದಿರಲಿ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು ಆಮೇಲೆ ನೋಡುವ ಹಾಗಿರಬೇಕು. ಪ್ರತಿ ವಿಡಿಯೋದ ಕೊನೆಗೆ ಒಂದು ಕೆಲಸ ಕೊಡಿ. ತುಂಬಿದ ಚೀಟಿಯ ಫೋಟೋ ಕಳಿಸಲಿ, ನೀವು ಅದೇ ದಿನ ತಿದ್ದಿ ಕಳಿಸಿ. ಅಮೆರಿಕದ ಶಿಕ್ಷಣ ಮನಃಶಾಸ್ತ್ರಜ್ಞ ರಾಬರ್ಟ್ ಗ್ಯಾನ್ಯೇ ಪಾಠಕ್ಕೆ ಒಂಬತ್ತು ಹಂತ ಹೇಳಿದ್ದಾರೆ. ಎಲ್ಲವನ್ನೂ ಮಾಡಲು ಆಗದಿದ್ದರೂ ಮಾಡಿಸುವುದು, ತಿದ್ದುವುದು ಈ ಎರಡನ್ನು ಬಿಡಬೇಡಿ.

ಫಲ ನೋಡಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಕೊಟ್ಟ ನಾಲ್ಕು ಮಟ್ಟಗಳಿವೆ: ತರಬೇತಿ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬಳಸುತ್ತಿದ್ದಾರಾ, ಸಂಸ್ಥೆಗೆ ಉಪಯೋಗ ಆಯಿತಾ. "ಚೆನ್ನಾಗಿತ್ತು ಸರ್" ಅನ್ನೋದು ಮೊದಲ ಮಟ್ಟ, ಅಲ್ಲಿಗೇ ನಿಲ್ಲಬೇಡಿ. ನನಗೆ ಮೂರನೆಯದೇ ಮುಖ್ಯ. ಒಂದೆರಡು ತಿಂಗಳು ಬಿಟ್ಟು, ವ್ಯಾಪಾರ ಜೋರಿರುವ ದಿನ ಹೋಗಿ ಪಕ್ಕದಲ್ಲಿ ನಿಂತು ನೋಡಿ. ಬೆಳೆಗಾರರು ಸಾಲಾಗಿ ಕಾಯುತ್ತಿರುವಾಗಲೂ ಚೀಲದ ತಳಕ್ಕೆ ಕೈ ಹೋಗುತ್ತಿದೆಯಾ? ಹೋಗದಿದ್ದರೆ ಅಲ್ಲಿರುವ ಹಿರಿಯರು ಹೇಗೆ ಮಾಡುತ್ತಿದ್ದಾರೆ ಅಂತಲೂ ನೋಡಿ. ಹೊಸಬರು ಅವರನ್ನು ನೋಡಿಯೇ ಕಲಿಯುವುದು.

ನೋಡಿದ್ದನ್ನು ಬರೆದಿಟ್ಟು ಮುಂದಿನ ತಂಡಕ್ಕೆ ಪಾಠ ತಿದ್ದಿ. ವಿಡಿಯೋ ಹೆಸರಿನಲ್ಲೇ ತಿಂಗಳು, ವರ್ಷ ಹಾಕಿ. ಹಳೆಯದನ್ನು ಅಳಿಸಿ ಎಂದು ಶಾಖೆಯವರಿಗೆ ಫೋನ್ ಮಾಡಿಯೇ ಹೇಳಿ, ಮೆಸೇಜ್ ಸಾಲುವುದಿಲ್ಲ.